ಲಗ್ನಪತ್ರಿಕೆಯಲ್ಲಿ ಎಲ್ಲರದೂ ಒಂದೇ ಅಳತೆ

ನಮ್ಮ ಮನೆತನದಲ್ಲಿ ಲಗ್ನಪತ್ರಿಕೆಯನ್ನು ಯಾರೂ ಬರೆಯುವುದಿಲ್ಲ. ಹಿಂದಿನ ಲಗ್ನದ್ದನ್ನು ಎತ್ತಿ ಮುಂದಿನದಕ್ಕೆ ಅಂಟಿಸುತ್ತೇವೆ. ವಧು, ವರ, ತಾರೀಖು, ಮಂಗಲ ಕಾರ್ಯಾಲಯ, ಇಷ್ಟು ಬದಲಾದರೆ ಮುಗಿಯಿತು. ಆ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ವಾಸವಾಗಿದೆ. ನಾನು ಕಾಗವಾಡದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಆದ್ದರಿಂದ ನನಗೆ ಕಂಪ್ಯೂಟರಿನ ಸಕಲವೂ ಗೊತ್ತು ಎಂಬುದು ಐನಾಪುರದ ನನ್ನ ತವರಿನವರ ನಂಬಿಕೆ. ಅದನ್ನು ನಾನೂ ಕೆಡಿಸಲು ಹೋಗಿಲ್ಲ.

ನನ್ನ ತಂಗಿಯ ಲಗ್ನ ಅಕ್ಕೋಳದ ಹುಡುಗನ ಜೊತೆ ಗಟ್ಟಿಯಾದಾಗ ಪತ್ರಿಕೆಯ ಕೆಲಸ ಎಂದಿನಂತೆ ನನ್ನ ತಲೆಗೆ ಬಿತ್ತು. ಹಳೆಯ ಫೈಲು ತೆಗೆದೆ. ಅದೊಂದು ಸಂತೆ. ಎಷ್ಟೋ ಲಗ್ನಗಳ ಬಣ್ಣ, ಎಷ್ಟೋ ಜನರ ಕೈವಾಡ. ಒಂದು ಸಾಲು ಕೆಂಪು, ಇನ್ನೊಂದು ನೀಲಿ, ಮತ್ತೊಂದಕ್ಕೆ ನೆರಳು. ಬೀಗರು ಕಳಿಸಿದ ಹೆಸರುಗಳನ್ನು ತಂದು ಅಂಟಿಸಿದರೆ ಅವು ತಮ್ಮ ಹಸಿರು ಬಣ್ಣವನ್ನೂ ಗೆರೆಗಳನ್ನೂ ಹೊತ್ತುಕೊಂಡೇ ಬಂದವು. ಒಂದು ಹೆಸರನ್ನು ಸರಿಸಿದರೆ ಗಣಪತಿ ಹಾರಿ ಹಿಂದಿನ ಪುಟಕ್ಕೆ ಹೋದ. ಅವನನ್ನು ಹಿಡಿದು ತಂದರೆ ಮುಹೂರ್ತ ಕೆಳಗೆ ಜಾರಿತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಲ್ಯಾಪ್‌ಟಾಪನ್ನು ಎತ್ತಿ ಒಗೆಯುವುದೊಂದು ಬಾಕಿ.

ಆಗ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಮಾಡುವಾಗ ಬಳಸುವ ಉಪಾಯ ನೆನಪಾಯಿತು. ಅಂಟಿಸುವಾಗ ಬರೀ ಅಕ್ಷರವನ್ನಷ್ಟೇ ಉಳಿಸಿಕೋ, ಉಳಿದ ಶೃಂಗಾರ ಬೇಡ ಎಂದು ಹೇಳುವ ಗುಂಡಿಯೊಂದು ಇದೆಯಲ್ಲ, ಅದು. ಎಲ್ಲವನ್ನೂ ನಕಲು ಮಾಡಿ ಹೊಸ ಪುಟಕ್ಕೆ ಹಾಗೆ ಅಂಟಿಸಿದೆ. ಹಳೆಯ ಫೈಲು ಯುನಿಕೋಡಿನಲ್ಲಿದ್ದದ್ದು ನಮ್ಮ ಪುಣ್ಯ, ಇಲ್ಲದಿದ್ದರೆ ಕನ್ನಡವೂ ಶೃಂಗಾರದ ಜೊತೆಗೇ ಹೋಗಿಬಿಡುತ್ತಿತ್ತು. ಎಲ್ಲ ಹೆಸರೂ ಕಪ್ಪಗೆ, ಒಂದೇ ಅಳತೆಯಲ್ಲಿ, ಬೂದಿ ಹಚ್ಚಿ ತಿಕ್ಕಿದ ಪಾತ್ರೆಯ ಹಾಗೆ ಸ್ವಚ್ಛವಾಗಿ ಬಂದು ನಿಂತವು. ಕೆಲವು ಹೆಸರುಗಳನ್ನು ಈ ಫೈಲಿನಲ್ಲಿ ಹಿಂದೆ ಕಂಡ ನೆನಪೇ ಇರಲಿಲ್ಲ. ಇರಲಿ ಎಂದು ಬಿಟ್ಟೆ. ವಧುವರರ ಹೆಸರನ್ನು ಮಾತ್ರ ದೊಡ್ಡದು ಮಾಡಿ, ಗಣಪತಿಯನ್ನು ಮೇಲೆ ಕೂರಿಸಿ, ಅಥಣಿಯ ಪ್ರೆಸ್ಸಿಗೆ ಕಳಿಸಿದೆ. ಅಪ್ಪ ಮುಹೂರ್ತ ನೋಡಿ, ಅವ್ವ ದೇವರ ಹೆಸರು ನೋಡಿ, ಇಬ್ಬರೂ ಪಾಸು ಮಾಡಿದರು.

ನಮ್ಮಲ್ಲಿ ಮೊದಲ ಪತ್ರಿಕೆ ದೇವರಿಗೆ, ಎರಡನೆಯದು ದೊಡ್ಡಪ್ಪನಿಗೆ. ದೇವರು ಏನೂ ಅನ್ನಲಿಲ್ಲ.

ದೊಡ್ಡಪ್ಪ, ಅಂದರೆ ಅಪ್ಪನ ಅಣ್ಣ, ತೋಟದ ಮನೆಯಲ್ಲಿರುತ್ತಾರೆ. ಅಪ್ಪ ಮತ್ತು ನಾನು ಹೋದಾಗ ಒಣದ್ರಾಕ್ಷಿಯ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಪತ್ರಿಕೆಗೆ ಕೈಮುಗಿದು, ಚಾಳೀಸು ಹಾಕಿಕೊಂಡು ಓದಿದರು. ಚಾಳೀಸು ತೆಗೆದು ಒರೆಸಿ ಮತ್ತೆ ಓದಿದರು.

"ನನ್ನ ಹೆಸರ ಎಲ್ಲೈತಿ?"

"ಸುಖಾಗಮನ ಬಯಸುವವರೊಳಗ ಮೊದಲನೇದ್ದ ನಿಂದ ಐತಲ್ಲ ಅಣ್ಣಾ," ಎಂದರು ಅಪ್ಪ.

"ಮೊದಲ ಐತಿ, ಖರೆ. ಎಷ್ಟ ಐತಿ?"

ತಮ್ಮ ಹೆಬ್ಬೆರಳನ್ನು ಹೆಸರಿನ ಮೇಲೆ ಇಟ್ಟರು. ಹೆಸರು ಪೂರ್ತಿ ಮುಚ್ಚಿಹೋಯಿತು. ಹಿಂದಿನ ಲಗ್ನಗಳಲ್ಲಿ ಅವರ ಹೆಸರು ಕೆಂಪು ಬಣ್ಣದಲ್ಲಿ, ದಪ್ಪಗೆ, ಹೆಬ್ಬೆರಳಿನ ಎರಡೂ ಕಡೆ ಚಾಚಿಕೊಂಡು ಇರುತ್ತಿತ್ತು. ಅಪ್ಪನದು ಅದಕ್ಕಿಂತ ಒಂದು ನೂಲು ಸಣ್ಣದು. ಅಪ್ಪನ ತಮ್ಮ ಕಾಕಾನದು ಇನ್ನೂ ಸಣ್ಣದು. ಹೀಗೆ ಇಳಿಯುತ್ತ ಇಳಿಯುತ್ತ ತಳದಲ್ಲಿ, "ನಮ್ಮ ಮಾವಶಿಯ ಮದುವೆಗೆ ಬರಲೇಬೇಕು ಹಾಂ" ಎಂದು ಚಿಕ್ಕಮ್ಮನ ಲಗ್ನಕ್ಕೆ ಕರೆಯುವ ಕೂಸುಗಳ ಹೆಸರು. ಈಗ ಆ ಕೂಸುಗಳೂ ದೊಡ್ಡಪ್ಪನೂ ಒಂದೇ ಎತ್ತರಕ್ಕೆ ನಿಂತಿದ್ದರು. ಆ ಕೂಸುಗಳಲ್ಲಿ ಒಂದು ನನ್ನ ಮಗಳು, ಇನ್ನೂ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾಳೆ.

"ಫಾರ್ಮ್ಯಾಟಿಂಗ್ ಹೋಗೇತ್ರಿ ದೊಡ್ಡಪ್ಪಾ," ಎಂದೆ.

"ಎಲ್ಲಿ ಹೋಗೇತಿ? ಕರಕೊಂಡ ಬಾ, ಹೋಗ."

ನಾನು ಗುಂಡಿಯ ಕಥೆ ಹೇಳಿದೆ. ಅವರು ಶಾಂತವಾಗಿ ಕೇಳಿ, ಪತ್ರಿಕೆಯನ್ನು ಮಡಚಿ ಅಪ್ಪನ ಕೈಗೆ ಕೊಟ್ಟರು.

"ಛಲೋ ಆತು. ಹಂದರದ ಮೊದಲ ಕಂಬಾನೂ ಆ ಕೂಸಿನ ಕೈಯಾಗ ನೆಡಸ್ರಿ. ನಾ ಬರಾಂಗಿಲ್ಲ."

ಹಂದರದ ಮೊದಲ ಕಂಬ ನೆಡುವುದು ಮನೆಯ ಹಿರಿಯನ ಕೆಲಸ. ಅದು ನಿಲ್ಲದೆ ಅರಿಷಿಣವಿಲ್ಲ, ಅರಿಷಿಣವಿಲ್ಲದೆ ಲಗ್ನವಿಲ್ಲ. ಸುದ್ದಿ ಕೇಳಿ ತಂಗಿ ಅಳಲು ಕೂತಳು. ಅವಳು ಚಿಕ್ಕೋಡಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ಬಸ್ಸು ತಪ್ಪಿದರೆ ದೊಡ್ಡಪ್ಪನೇ ಮೋಟಾರ್‌ಸೈಕಲ್ಲಿನಲ್ಲಿ ಬಿಟ್ಟು ಬರುತ್ತಿದ್ದರು, ದಾರಿಯುದ್ದಕ್ಕೂ ಬೈಯುತ್ತ.

"ದೊಡ್ಡಪ್ಪ ಬರಲಿಲ್ಲಂದ್ರ ನಾ ಅರಿಷಿಣಾ ಹಚಗೊಳ್ಳಾಂಗಿಲ್ಲ, ನೋಡ್ರಿ," ಎಂದಳು. ಅವಳೂ ನನ್ನ ತಂಗಿಯೇ, ಹೇಳಿದಂತೆ ಮಾಡುವವಳು. ಅಪ್ಪ ನನ್ನ ಕಡೆ ನೋಡುವುದನ್ನೇ ಬಿಟ್ಟರು. ಅವ್ವ ನೋಡುತ್ತಿದ್ದಳು, ಅದು ಇನ್ನೂ ಕಷ್ಟ.

ಮನೆಯಲ್ಲಿ ಖುಷಿಯಾಗಿದ್ದವರೆಂದರೆ ಕಾಕಾ ಒಬ್ಬರೇ. ಅವರ ಹೆಸರು ಹುಟ್ಟಿದಾಗಿನಿಂದ ಅಣ್ಣನ ಸಮಕ್ಕೆ ಎಲ್ಲಿಯೂ ಅಚ್ಚಾಗಿರಲಿಲ್ಲ. "ಅಣ್ಣಾನ ಬರೋಬ್ಬರಿ ಐತಿ ನೋಡ್ರಿ," ಎಂದು ಚಹಾದಂಗಡಿಯಲ್ಲಿ ತೋರಿಸಿ ಬಂದರು. ಆ ಮಾತು ತೋಟದ ಮನೆಗೆ ಅವರಿಗಿಂತ ಮೊದಲೇ ಮುಟ್ಟಿತು.

ಮರುದಿನ ನಾನೊಬ್ಬಳೇ ತೋಟಕ್ಕೆ ಹೋದೆ. ತಪ್ಪಾಯಿತು ಎನ್ನಲು ಅಲ್ಲ. ನನಗೆ ಈಗಲೂ ಅದು ತಪ್ಪು ಅನ್ನಿಸಿಲ್ಲ. ಆದರೆ ತಂಗಿಯ ಮುಖ ನೋಡಲಾಗುತ್ತಿರಲಿಲ್ಲ. ಹೊಸ ಪತ್ರಿಕೆ ಹೊಡೆಸುತ್ತೇನೆ, ನಿಮ್ಮ ಹೆಸರು ಎಷ್ಟು ದೊಡ್ಡದು ಬೇಕೋ ಅಷ್ಟು ಮಾಡಿಸುತ್ತೇನೆ ಎಂದೆ. ದೊಡ್ಡಪ್ಪನ ಮುಖ ಸ್ವಲ್ಪ ಸಡಿಲಾಯಿತು.

"ಕೆಂಪ ಇರಬೇಕು," ಎಂದರು.

ಅಷ್ಟರಲ್ಲಿ ಒಳಗಿನಿಂದ ದೊಡ್ಡವ್ವ ಬಂದರು. ಕೈಯಲ್ಲಿ ಕಾಕಾ ಕೊಟ್ಟು ಹೋಗಿದ್ದ ಪತ್ರಿಕೆ. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವವರು ಅವರು. ಬೆರಳಿಟ್ಟು ತೋರಿಸಿದರು.

"ಇದು ನಂದ ಹೌದಲ್ಲ?"

ದೊಡ್ಡಪ್ಪನ ಹೆಸರಿನ ಕೆಳಗೇ, ಸೌ. ಎಂದು ಶುರುವಾಗಿ, ಅವರ ಹೆಸರಿತ್ತು. ದೊಡ್ಡಪ್ಪನಷ್ಟೇ ದೊಡ್ಡದು, ಅಷ್ಟೇ ಕಪ್ಪು.

"ಹೌದ್ರಿ."

"ಈ ಸಾರಿ ಹಾಕೀ ನೋಡ. ಇಷ್ಟ ವರ್ಷ ಯಾರೂ ಹಾಕಿದ್ದಿಲ್ಲ."

ನಾನು ಹಾಕಿರಲಿಲ್ಲ. ಲ್ಯಾಪ್‌ಟಾಪು ಚೀಲದಲ್ಲೇ ಇತ್ತು. ಹಳೆಯ ಫೈಲು ತೆಗೆದು ಹುಡುಕಿದೆ. ದೊಡ್ಡಪ್ಪನ ಕೆಂಪು ಹೆಸರಿನ ಕೆಳಗೆ ಖಾಲಿ ಜಾಗ ಕಂಡಿತು. ಪರದೆಯನ್ನು ವಾರೆ ಮಾಡಿದಾಗ ಅಲ್ಲಿ ಏನೋ ತೆಳ್ಳಗೆ ಹೊಳೆಯಿತು. ಯಾವ ಕಾಲದಲ್ಲೋ ಯಾರೋ ಬಂಗಾರದ ಬಣ್ಣ ಶೋಭಿಸುತ್ತದೆಂದು ಮನೆಯ ಹೆಂಗಸರ ಹೆಸರುಗಳಿಗೆಲ್ಲ ತಿಳಿಹಳದಿ ಬಳಿದಿದ್ದರು, ಅಳತೆಯನ್ನೂ ಇರುವೆಯಷ್ಟು ಮಾಡಿದ್ದರು. ಹಳದಿ ಕಾಗದದ ಮೇಲೆ ಅಚ್ಚಾದ ಆ ಹೆಸರು ಲಗ್ನದಿಂದ ಲಗ್ನಕ್ಕೆ ಬರುತ್ತಲೇ ಇತ್ತು, ಯಾರ ಕಣ್ಣಿಗೂ ಬೀಳದೆ.

"ಪ್ರತಿ ಸಾರಿನೂ ಇತ್ರಿ ದೊಡ್ಡವ್ವಾ. ಕಾಣತಿದ್ದಿಲ್ಲ, ಅಷ್ಟ."

ದೊಡ್ಡವ್ವ ಪರದೆಯೊಳಗೆ ಬಗ್ಗಿ ನೋಡಿದರು. ದೊಡ್ಡಪ್ಪನೂ ಚಾಳೀಸು ಹಾಕಿಕೊಂಡು ನೋಡಿದರು. ಅಷ್ಟೂ ಲಗ್ನಗಳಲ್ಲಿ ಹೋಳಿಗೆಯ ಹೂರಣ ರುಬ್ಬಿಸಿದವರು, ಬಂದವರ ಉಡಿ ತುಂಬಿದವರು ದೊಡ್ಡವ್ವನೇ.

"ಹೊಸಾ ಪತ್ರಿಕಿ ಏನೂ ಹೊಡಸಬ್ಯಾಡ," ಎಂದರು ದೊಡ್ಡವ್ವ ನನಗೆ. ಆಮೇಲೆ ಗಂಡನ ಕಡೆ ತಿರುಗಿದರು. "ನೀವು ಬರ್ರಿ, ಬಿಡ್ರಿ. ನಾ ಅಂತೂ ಹಂದರಕ್ಕ ಹೋಗಾಕೀನ. ಪತ್ರಿಕ್ಯಾಗ ನನ್ನ ಹೆಸರ ಐತಿ. ಕರದಾಕೀನ ಮನ್ಯಾಗ ಕುಂತ್ರ ಬಂದ ಮಂದಿ ಏನಂದಾರು?"

ಹಂದರದ ದಿನ ಮುಂಜಾನೆ ದೊಡ್ಡವ್ವ ಇಳಕಲ್ ಸೀರೆಯುಟ್ಟು ನಮ್ಮ ಅಂಗಳಕ್ಕೆ ಬಂದರು. ಅವರ ಹಿಂದೆ ಹೆಗಲ ಮೇಲೆ ಹಾರೆ ಹೊತ್ತು ದೊಡ್ಡಪ್ಪ. ಯಾರ ಮುಖವನ್ನೂ ನೋಡದೆ ಕುಣಿ ತೋಡಿ, ಕಂಬ ನೆಟ್ಟು, ಕಾಲಿನಿಂದ ಮಣ್ಣು ತುಳಿದು ಗಟ್ಟಿ ಮಾಡಿದರು. ತಂಗಿ ಅಳುತ್ತಲೇ ಅರಿಷಿಣ ಹಚ್ಚಿಸಿಕೊಂಡಳು. ಕಾಕಾ ಒಂದು ದಿನದ ಮಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದರು.

ಈ ವರ್ಷ ಕಾಕಾನ ಮಗನ ಲಗ್ನ. ಪತ್ರಿಕೆಯ ಫೈಲು ತೆರೆದು ಕೂತಿದ್ದೆ, ದೊಡ್ಡಪ್ಪನ ಫೋನು ಬಂತು.

"ನನ್ನ ಹೆಸರ ಈ ಸಾರಿ ದೊಡ್ಡದ ಮಾಡ ಬೇ. ಕೆಂಪ."

"ಆತ್ರಿ."

ಅವರು ಫೋನು ಇಡಲಿಲ್ಲ. ದನಿ ತಗ್ಗಿಸಿ ಹೇಳಿದರು.

"ಅಕೀದೂ ಅಷ್ಟ ಮಾಡ. ಇಲ್ಲೇ ಬಾಜೂಕ ನಿಂತಾಳ."