ಅಕ್ಕನ ಗುಳಿಗೆ ನಿಲ್ಲಿಸಿದ್ದು

ಇಲಿ ಮುಳುಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಪ್ರಯೋಗದ ಮಾತು ತೆಗೆದ ಕೂಡಲೇ ಎಲ್ಲರೂ ಮುಖ ಸಿಂಡರಿಸಿಕೊಂಡು ಕೇಳುವುದು ಅದನ್ನೇ. ಜಹೀರಾಬಾದಿನ ಹತ್ತಿರ, ಹೆದ್ದಾರಿ ಪಕ್ಕದ ಫಾರ್ಮಸಿ ಕಾಲೇಜಿನಲ್ಲಿ ನಾನು ಎಂ.ಫಾರ್ಮ್ ಓದುವಾಗ ಖಿನ್ನತೆಯ ಔಷಧಗಳನ್ನು ಹೀಗೆ ಪರೀಕ್ಷಿಸುತ್ತಿದ್ದೆವು. ಗಾಜಿನ ಜಾಡಿಯಲ್ಲಿ ನೀರು, ನೀರಿನಲ್ಲಿ ಬಿಳಿ ಇಲಿ, ಆರು ನಿಮಿಷ. ಮೊದಮೊದಲು ಅದು ಹೊರಬರಲು ಒದ್ದಾಡುತ್ತದೆ, ಆಮೇಲೆ ಕೈಕಾಲು ಬಿಟ್ಟು ಸುಮ್ಮನೆ ತೇಲುತ್ತದೆ. ಎಷ್ಟು ಹೊತ್ತು ಸುಮ್ಮನಿತ್ತು ಎಂದು ಸ್ಟಾಪ್‌ವಾಚ್ ಒತ್ತಿ ಬರೆದುಕೊಳ್ಳಬೇಕು. ಔಷಧ ಕುಡಿದ ಇಲಿ ಹೆಚ್ಚು ಹೊತ್ತು ಈಜಿದರೆ ಆ ಔಷಧದಲ್ಲಿ ಏನೋ ಇದೆ ಎಂದರ್ಥ. ಆಮೇಲೆ ಅದನ್ನು ಒರೆಸಿ, ಬಲ್ಬಿನ ಕೆಳಗೆ ಬೆಚ್ಚಗೆ ಇಡುತ್ತಿದ್ದೆವು.

ಈ ಕೆಲಸಕ್ಕೆ ನನ್ನ ಕಣ್ಣು ಬಲು ಚುರುಕು ಎಂದು ಮೇಷ್ಟರು ಹೊಗಳುತ್ತಿದ್ದರು. ನಾನೂ ಉಬ್ಬಿದ್ದೆ. ಬರೀ ಮೈ ಚುರುಕಾಗಿಸುವ ಔಷಧ ಕೊಟ್ಟರೂ ಇಲಿ ಈಜುತ್ತಲೇ ಇರುತ್ತದೆ, ಆದ್ದರಿಂದ ಇದೊಂದನ್ನೇ ನಂಬಬಾರದು ಎಂದು ಪರೀಕ್ಷಕರ ಮುಂದೆ ಅರಳು ಹುರಿದಂತೆ ಹೇಳಿದವಳೂ ನಾನೇ.

ಆಗ ನನ್ನ ಅಕ್ಕ ನಾರಾಯಣಖೇಡದ ಗಂಡನ ಮನೆಯಲ್ಲಿ ಎರಡನೇ ಹೆರಿಗೆಯ ನಂತರ ಹಾಸಿಗೆ ಹಿಡಿದಿದ್ದಳು. ಜ್ವರವಿಲ್ಲ, ನೋವಿಲ್ಲ. ಕೂಸು ಅತ್ತರೂ ಗೋಡೆ ನೋಡುತ್ತ ಮಲಗಿರುತ್ತಿದ್ದಳು. ಸೊಕ್ಕು ಎಂದರು, ದೃಷ್ಟಿಯಾಗಿದೆ ಎಂದರು. ಕೊನೆಗೆ ನಾನೇ ಜಗಳವಾಡಿ ಅವಳನ್ನು ಜಹೀರಾಬಾದಿನ ಮಾನಸಿಕ ರೋಗದ ಡಾಕ್ಟರ ಬಳಿ ಕರೆತಂದೆ. ಗುಳಿಗೆ ಶುರುವಾಗಿ ಎರಡು ತಿಂಗಳಿಗೆ ಅವಳ ಅತ್ತೆ ಫೋನ್ ಮಾಡಿದರು.

"ಈಗ ಆರಾಮ ಆಗ್ಯಾಳ. ಇನ್ನ ಗುಳಿಗಿ ಯಾಕ ಬೇಕು? ನೀ ದವಾಯಿದೇ ಓದಾಕತ್ತಿ, ನೀನ ಬಂದು ನೋಡಿ ಹೇಳು."

ಭಾನುವಾರ ಹೋದೆ. ಗೋಡೆಗೆ ಆನಿಕೊಂಡು ಕೂತು, ಚಹಾ ಕುಡಿಯುತ್ತ ಅಕ್ಕನನ್ನು ನೋಡಿದೆ. ಸ್ನಾನ, ಲಿಂಗಪೂಜೆ ಮುಗಿಸಿ ಹತ್ತು ಜನಕ್ಕೆ ಜೋಳದ ರೊಟ್ಟಿ ಬಡಿದಳು, ಕೂಸಿಗೆ ಎರೆದಳು, ತೊಗರಿಬೇಳೆ ಆರಿಸಿದಳು. ಸಂಜೆಯವರೆಗೆ ಒಂದು ಗಳಿಗೆಯೂ ಸುಮ್ಮನೆ ಕೂರಲಿಲ್ಲ. ನನಗೆ ಖುಷಿಯಿಂದ ಕಣ್ಣು ತುಂಬಿತು.

"ಆತು ಬಿಡ್ರಿ," ಎಂದೆ ಅತ್ತೆಗೆ. "ದಿನ ಬಿಟ್ಟು ದಿನ ಕೊಟ್ಟು, ಹದಿನೈದು ದಿನಕ್ಕ ನಿಲ್ಲಸ್ರಿ."

ಡಾಕ್ಟರನ್ನು ಒಂದು ಮಾತು ಕೇಳಬೇಕು ಎಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಆದರೆ ಮನೆಯವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನನಗೆ ಅದು ಹಿತವಾಗಿತ್ತು.

ಒಂದೂವರೆ ತಿಂಗಳ ನಂತರ, ಮಧ್ಯಾಹ್ನದ ಬಿಸಿಲಲ್ಲಿ ಅಕ್ಕ ಒಬ್ಬಳೇ ಬಸ್ಸು ಹಿಡಿದು ನಮ್ಮ ಕಾಲೇಜಿನ ಗೇಟಿಗೆ ಬಂದಳು. ಕೈಯಲ್ಲಿ ಚೀಲವಿಲ್ಲ, ಕಂಕುಳಲ್ಲಿ ಕೂಸಿಲ್ಲ. ಕ್ಯಾಂಟೀನಿಗೆ ಕರೆದೊಯ್ದು, ಕೂಸು ಎಲ್ಲಿ ಎಂದೆ.

"ಅತ್ತಿ ಬಲ್ಲಿ ಬಿಟ್ಟು ಬಂದೀನಿ. ಅದನ್ನ ನನ್ನ ಬಲ್ಲಿ ಒಂದನ್ನೇ ಬಿಡಬ್ಯಾಡ್ರಿ. ನನಗ ನಂದೇ ಅಂಜಿಕಿ ಬರಾಕತ್ತದ."

"ಅವತ್ತು ಅಷ್ಟ ಕೆಲಸ ಮಾಡಾಕತ್ತಿದ್ದೆಲ್ಲ?" ಎಂದು ಕೇಳಿದೆ. ಅವಳನ್ನೇ ತಪ್ಪಿತಸ್ಥಳನ್ನಾಗಿ ಮಾಡುವ ದನಿ ನನ್ನದು.

"ಸುಮ್ಮ ಕುಂತ್ರ ಮತ್ತ ಸೊಕ್ಕು ಅಂತಾರ. ಗುಳಿಗಿಲಿಂದ ಜರಾ ನಿದ್ದಿ ಬರ್ತಿತ್ತು, ಈಗ ಅದೂ ಹೋತು." ನನ್ನ ಮುಖ ನೋಡಿ ಅಂದಳು: "ನೀ ದಿನಪೂರ್ತಿ ನನ್ನ ಕೈನೇ ನೋಡ್ಕೋತ ಕುಂತಿ. ಹ್ಯಾಂಗ ಇದ್ದಿ ಅಂತ ಒಮ್ಮಿನೂ ಕೇಳ್ಲಿಲ್ಲ."

ಸಿಟ್ಟಿಲ್ಲದೆ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಲ್ಲಿಂದಲೇ ಆಟೋ ಹಿಡಿದು ಡಾಕ್ಟರ ಬಳಿ ಹೋದೆವು.

ಅವರು ಹಳೆಯ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ನಿಲ್ಲಸಾಕ ಯಾರ್ ಹೇಳಿದ್ರು?"

ಅಕ್ಕ ನನ್ನ ಕಡೆ ತಿರುಗಲಿಲ್ಲ. "ಯಾರೂ ಹೇಳಿಲ್ರಿ. ನಾನೇ ಬಿಟ್ಟೆ."

ಡಾಕ್ಟರು ಅವಳನ್ನು ಚೆನ್ನಾಗಿ ಗದರಿದರು. ತಂಗಿ ಇಷ್ಟು ಓದಿದ್ದಾಳೆ, ಅವಳನ್ನಾದರೂ ಒಂದು ಮಾತು ಕೇಳಬಾರದಿತ್ತೇ ಎಂದರು. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.