ಮೂಲೆಯಲ್ಲಿದ್ದ ಬೆರಳು

ನಮ್ಮ ಎಸ್ಟೇಟಿನ ಜೀಪ್ ಡ್ರೈವರ್ ನಮ್ಮೂರು ಜಾವಳಿಯಿಂದ ಕಾಠ್ಮಂಡುವಿನವರೆಗೂ ನಮ್ಮನ್ನು ಸುತ್ತಿಸಿದವರು. ಅಪ್ಪ ಕ್ಯಾಮೆರಾ ಕೊಟ್ಟರೆ ಟವೆಲಿನಲ್ಲಿ ಕೈ ಒರೆಸಿಕೊಂಡು, "ಒಂಚೂರು ಹತ್ರ ಬನ್ನಿ" ಎನ್ನುತ್ತಿದ್ದರು. ಸ್ಟುಡಿಯೋದಲ್ಲಿ ತೊಳೆಸಿ ತಂದ ಫೋಟೋಗಳ ಮೂಲೆಯಲ್ಲೆಲ್ಲ ಅವರ ಬೆರಳು ಅಡ್ಡ ಬಂದಿರುತ್ತಿತ್ತು. "ರೀಲೆಲ್ಲ ಹಾಳು ಮಾಡಿದ್ಯಲ್ಲ ಮಾರಾಯ!" ಎಂದು ಅಪ್ಪ ಬೈದರೆ ತಲೆ ಕೆರೆದುಕೊಳ್ಳುತ್ತಿದ್ದರು.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ಬಂದು, "ಅವ್ರದ್ದೊಂದು ಫೋಟೋ ಇದ್ರೆ ಕೊಡಿ ಅಮ್ಮಾ" ಎಂದು ನಮ್ಮಮ್ಮನನ್ನು ಕೇಳಿದರು. ಆಲ್ಬಮ್ಮಿನ ತುಂಬ ನಾವೇ ಇದ್ದೆವು. ಪಶುಪತಿನಾಥನ ಗುಡಿಯೆದುರಿನ ಒಂದರಲ್ಲಿ ಮಾತ್ರ ನನ್ನ ಕೆನ್ನೆಯ ಪಕ್ಕ ಮಸುಕಾಗಿ ಆ ಬೆರಳಿತ್ತು. ಆಕೆ ಅದನ್ನೇ ಸವರಿ, "ಇನ್ನೊಂದು ಇಲ್ವಾ?" ಎಂದರು.

ನನ್ನ ಮುಖ ಹೋದೀತೆಂದು ಅದೊಂದನ್ನು ಬಿಟ್ಟು, ಮಿಕ್ಕ ಫೋಟೋಗಳ ಬೆರಳನ್ನೆಲ್ಲ ಆಲ್ಬಮ್ಮಿಗೆ ಅಂಟಿಸುವ ಮುಂಚೆಯೇ ಅಪ್ಪ ಕತ್ತರಿಸಿ ಒಲೆಗೆ ಹಾಕಿದ್ದರು.