ಮಣ್ಣಿನ ತಲೆಯ ಮೇಲೆ ರೇಷ್ಮೆ ಹುಳ ಬಿಟ್ಟದ್ದು

ಇದನ್ನು ಓದಿ ನಂಬದೆ ಇರಿ ನೋಡೋಣ. ಪಂಥ ಕಟ್ಟುತ್ತೇನೆ. ಗೌರಿಬಿದನೂರಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಗೋಡೆಯ ಮೇಲೆ ಅರ್ಧ ತೆರೆದ ಬಾಗಿಲು ಬರೆದು, ಹೆಡ್‌ಮೇಷ್ಟ್ರು ಅದರೊಳಗೆ ನುಗ್ಗಲು ಹೋಗಿ ಹಣೆ ಊದಿಸಿಕೊಳ್ಳುವಂತೆ ಮಾಡಿದವನು ನಾನು. ಕೋಲಾರ ಜಿಲ್ಲೆಯಲ್ಲಿ ಅಂಥ ಬಾಗಿಲು ಬರೆಯಬಲ್ಲವನು ಇನ್ನೊಬ್ಬನಿರಲಿಲ್ಲ. ಅದಾದ ಮೇಲೆ ನಿಜವಾದ ಬಾಗಿಲಿನಿಂದ ನನ್ನನ್ನು ಹೊರಗೆ ಕಳಿಸಿದರು, ಅದು ಬೇರೆ ಮಾತು.

ಅರವತ್ತರ ದಶಕದ ಶುರುವಿನಲ್ಲಿ ಶಿಡ್ಲಘಟ್ಟಕ್ಕೆ ಬಂದು, ಅಂಗಡಿಯೊಂದರ ಮೇಲಿನ ಕೋಣೆ ಹಿಡಿದು ಚಿತ್ರಕಲಾ ಶಾಲೆ ತೆರೆದೆ. ಅದಕ್ಕೆ ಮಾನ್ಯತೆ ಬೇಕಿತ್ತು. ಮಾನ್ಯತೆ ಇಲ್ಲದಿದ್ದರೆ ನನ್ನ ವಿದ್ಯಾರ್ಥಿಗಳು ಡ್ರಾಯಿಂಗ್ ಪರೀಕ್ಷೆಗೆ ಕೂರುವಂತಿಲ್ಲ. ಪರೀಕ್ಷೆ ಪಾಸಾಗದೆ ಮೇಷ್ಟ್ರ ಕೆಲಸ ಸಿಗುವಂತಿಲ್ಲ. ಎಲ್ಲರಂತೆ ಅರ್ಜಿ ಬರೆದಿದ್ದರೆ ನಾನೇಕೆ ನಾನಾಗುತ್ತಿದ್ದೆ? ‘ನಮ್ಮಲ್ಲಿ ಮೊದಲ ವರ್ಷದವರಿಗೇ, ಸುತ್ತ ತಿರುಗಿ ನೋಡಬಹುದಾದ ಘನಾಕೃತಿಗಳ ವಿನ್ಯಾಸವನ್ನೂ, ಹೊತ್ತು ಹೋದಂತೆ ಬದಲಾಗುವ ಚಲಿಸುವ ಚಿತ್ರವನ್ನೂ ಕಲಿಸಲಾಗುವುದು’ ಎಂದು ಕೊಚ್ಚಿಕೊಂಡೆ. ತಪಾಸಣೆಯ ಸಾಹೇಬರು ಬಹಳ ಖುಷಿಪಟ್ಟು, ಆ ಎರಡನ್ನೇ ನೋಡಲು ಬರುತ್ತೇನೆಂದು ಹೇಳಿ ಕಳಿಸಿದರು.

ಮಾನ್ಯತೆ ತಪ್ಪಿದರೆ ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವಳು ಒಬ್ಬಳಿದ್ದಳು. ರೇಷ್ಮೆ ನೂಲು ತೆಗೆಯುವವರ ಮನೆಯ ಹುಡುಗಿ. ಅವಳ ತಂದೆ ಮೆಟ್ಟಿಲ ಕೆಳಗೆ ನಿಂತು ನನಗೆ ಮೊದಲೇ ಹೇಳಿಬಿಟ್ಟಿದ್ದರು: “ಸರ್ಕಾರದೋರು ಒಪ್ಪಿದ್ರೆ ಓದ್ಲಿ ಮೇಷ್ಟ್ರೇ, ನಾನು ಬೇಡ ಅನ್ನಲ್ಲ. ಇಲ್ಲಾಂದ್ರೆ ಸಂಬಂಧ ಬಂದೈತೆ, ಕಾಯಕ್ಕಾಗಲ್ಲ.”

ನನ್ನ ಶಿಷ್ಯರ ಕೆಲಸ ನೋಡಿದರೆ ಅಳು ಬರುತ್ತಿತ್ತು. ಮಣ್ಣಿನಲ್ಲಿ ಬಿಂದಿಗೆ ಮಾಡಿ ಎಂದರೆ ಮುಂದುಗಡೆ ಮಾತ್ರ ಬಿಂದಿಗೆ, ಹಿಂದುಗಡೆ ರೊಟ್ಟಿ. ಚಿಂತಾಮಣಿ ಕಡೆಯ ಹಳ್ಳಿಯಿಂದ ಬರುತ್ತಿದ್ದ ರೈತರ ಮನೆಯ ತರುಣನನ್ನು ಕೇಳಿದೆ:

“ಹಿಂದುಗಡೆ ಎಲ್ಲೋ?”

“ಹಿಂದುಗಡೆ ಯಾರ್ ನೋಡ್ತಾರೆ ಸಾರ್? ಗೋಡೆ ಕಡೆ ಇಡ್ತೀವಲ್ಲ.”

ಸಾಹೇಬರು ಬರುವ ದಿನ ಹತ್ತಿರವಾದಂತೆ ತರಗತಿ ಖಾಲಿಯಾಗತೊಡಗಿತು. ಸುತ್ತಲ ಹಳ್ಳಿಗಳಲ್ಲೆಲ್ಲ ಹುಳಗಳು ದೊಡ್ಡವಾಗಿದ್ದವು. ಹುಳ ಸಾಕಿದ ಮನೆಗೆ ಕಟುವಾದ ವಾಸನೆಯೇ ಹೋಗಕೂಡದು. ಬೀಡಿ ಸೇದಿದವನು, ನಶ್ಯ ಏರಿಸಿದವನು, ಮಲ್ಲಿಗೆ ಎಣ್ಣೆ ಹಚ್ಚಿದವಳು ಎಲ್ಲರೂ ಹೊರಗೇ. ನನ್ನ ಕೋಣೆಯಾದರೋ ಟರ್ಪೆಂಟೈನಿನಲ್ಲಿ ಅದ್ದಿ ತೆಗೆದಂತಿತ್ತು. “ನಾಕ್ನೇ ಜ್ವರ ಎದ್ದೈತೆ ಸಾರ್,” ಎಂದ ಆ ತರುಣ. ಹುಳ ಪೊರೆ ಬಿಡುವುದಕ್ಕೆ ಅವರು ಜ್ವರ ಎನ್ನುತ್ತಾರೆ, ನಾಲ್ಕನೆಯದು ಕೊನೆಯದು. “ಈ ನಾತ ಹೊತ್ಕೊಂಡು ಮನೆಗೋದ್ರೆ ನಮ್ಮಜ್ಜಿ ಬಾಗ್ಲಲ್ಲೇ ನಿಲ್ಲಿಸ್ತಾಳೆ.”

ಕೈಯಲ್ಲಿ ಒಂದು ಘನಾಕೃತಿಯಿಲ್ಲ, ಚಲಿಸುವ ಚಿತ್ರವಿಲ್ಲ, ಶಿಷ್ಯರೂ ಇಲ್ಲ. ಆಗ ಹೊಳೆಯಿತು ನೋಡಿ, ನನ್ನಂಥ ತಲೆಗೆ ಮಾತ್ರ ಹೊಳೆಯುವಂಥದ್ದು: ನಮ್ಮ ಮಣ್ಣಿನ ಕೆಲಸದ ಮೇಲೆ ಹುಳಗಳೇ ಗೂಡು ಕಟ್ಟಲಿ. ಆಕಾರಕ್ಕೆ ಆಕಾರವೂ ಆಯಿತು, ಹೊತ್ತು ಹೋದಂತೆ ಬದಲಾಗುವುದೂ ಆಯಿತು.

ಆ ತರುಣನ ಜೊತೆ ಬಸ್ಸು ಹತ್ತಿ ಅವರ ಹಳ್ಳಿಗೆ ಹೋದೆ. ಅಜ್ಜಿ ದೂರದಿಂದಲೇ ಕೂಗಿದಳು.

“ಯಾವನೋ ಅವ್ನು ನಾಯನಾ, ನಾತ ಹೊಡೀತಾನೆ! ಅಲ್ಲೇ ನಿಂತ್ಕೊಳಪ್ಪಾ!”

ಬಾವಿಯ ಹತ್ತಿರ ಸೀಗೆಪುಡಿ ತಿಕ್ಕಿ ಸ್ನಾನ ಮಾಡಿಸಿ, ಮನೆಯವರ ಪಂಚೆ ಉಡಿಸಿದ ಮೇಲೆಯೇ ಜಗುಲಿಗೆ ಬಿಟ್ಟಳು.

“ಅಜ್ಜೀ, ನಿಮ್ಮ ಹುಳಕ್ಕೆ ಡ್ರಾಯಿಂಗ್ ಕಲಿಸ್ತೀನಿ, ಒಂದಿಷ್ಟು ಕೊಡಿ.”

“ಮನುಷ್ಯರಿಗೆ ಕಲ್ಸಿ ಮುಗೀತಾ ಸಾಮೀ?”

“ಅವರು ಕಲೀಲಿಲ್ಲ ಅಂತ್ಲೇ ಬಂದಿದ್ದು.”

ಬಾಯಿಗೆ ಸೆರಗು ಹಿಡಿದು ನಕ್ಕಳು. ಉಳಿದವಕ್ಕಿಂತ ತಡವಾಗಿ ಹಣ್ಣಾದ ಹುಳಗಳನ್ನು ಕೊಡುತ್ತೇನೆಂದಳು. ಹಣ್ಣಾಗುವುದೆಂದರೆ ಸೊಪ್ಪು ಬಿಟ್ಟು, ಮೈ ಹಳದಿಯಾಗಿ, ನೂಲು ಬಿಡಲು ತಯಾರಾಗುವುದು. ಗೂಡೆಲ್ಲ ಅವಳಿಗೇ ವಾಪಸು ಬರಬೇಕು, ಕೋಣೆಯಲ್ಲಿ ಬಣ್ಣದ ಸುಳಿವೇ ಇರಕೂಡದು ಎಂದು ಕರಾರು ಹಾಕಿದಳು.

ಬಣ್ಣದ ಡಬ್ಬಿ, ಕುಂಚ, ವರ್ಷವಿಡೀ ಮಾಡಿದ ತೈಲಚಿತ್ರ, ಎಲ್ಲವನ್ನೂ ನಾನು, ತರುಣ, ಆ ಹುಡುಗಿ ಸೇರಿ ಹೊರಗೆ ಸಾಗಿಸಿ, ನೆಲ ಗೋಡೆ ತೊಳೆದೆವು. ಕೋಣೆ ಬೋಳಾಯಿತು. ಇನ್ನು ಹುಳ ಕೈಕೊಟ್ಟರೆ ಸಾಹೇಬರಿಗೆ ತೋರಿಸಲು ಗೋಡೆಯಷ್ಟೇ ಉಳಿದಿತ್ತು.

ಒಂದು ಮನುಷ್ಯನ ತಲೆ ಮಾಡಿದೆವು, ಮಣ್ಣಿನದು, ಕುಂಬಳಕಾಯಿಯ ಗಾತ್ರಕ್ಕಿಂತ ದೊಡ್ಡದು. ನನ್ನ ಕೈಚಳಕ ತೋರಿಸಬೇಕಲ್ಲ, ಒದ್ದೆ ಬಟ್ಟೆಯಿಂದ ಉಜ್ಜಿ ಉಜ್ಜಿ ಕೆನ್ನೆ, ಹಣೆ, ನೆತ್ತಿಯನ್ನು ಮೊಟ್ಟೆಯಂತೆ ನುಣುಪು ಮಾಡಿಸಿದೆ. ಒಣಗಿದ ಮೇಲೆ ಹುಳ ಬಿಟ್ಟೆವು.

ಅವು ನಡೆದವು. ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ತಡಕಾಡಿದವು. ಜಾರಿ ಬಿದ್ದವು. ಮತ್ತೆ ಹತ್ತಿಸಿದರೆ ಮತ್ತೆ ಬಿದ್ದವು. ಬೆಳಗಾದರೆ ಎರಡು ಕಿವಿಯೊಳಗೆ ಗೂಡು, ಮೂಗಿನ ಹೊಳ್ಳೆಯಲ್ಲಿ ಗೂಡು, ಮಿಕ್ಕಿದ್ದೆಲ್ಲ ಬರೀ ಮಣ್ಣು.

“ನೆಗಡಿ ಆದೋನ್ ಥರ ಕಾಣ್ತಾನೆ ಸಾರ್,” ಎಂದ ತರುಣ.

ನಾನೂ ನಕ್ಕೆ. ಆಮೇಲೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಊರಿಗೆಲ್ಲ ಚೇಷ್ಟೆ ಮಾಡಿದವನಿಗೆ ಹುಳಗಳು ಚೇಷ್ಟೆ ಮಾಡಿದ್ದವು. ಕೆಳಗಿನ ಬೀದಿಯಲ್ಲಿ ಗೂಡು ಬೇಯಿಸುವ ವಾಸನೆ. ಅಲ್ಲೇ ಎಲ್ಲೋ ಆ ಹುಡುಗಿಯ ಮನೆ. ಅವಳ ತಂದೆಗೆ ಏನು ಹೇಳಲಿ?

ಅವಳು ಮಾತ್ರ ಕೋಣೆ ಬಿಟ್ಟು ಕದಲಿರಲಿಲ್ಲ. ಬಿಸಿನೀರಿನ ಬಾಣಲೆಯಲ್ಲಿ ಕುಣಿಯುವ ಗೂಡನ್ನು ಹುಟ್ಟಿದಾಗಿನಿಂದ ನೋಡಿದ್ದಳು. ಹುಳ ಅದನ್ನು ಕಟ್ಟುವುದನ್ನು ನೋಡಿರಲೇ ಇಲ್ಲ. ಅವಳ ಊರಿನವರೆಲ್ಲ ಹಾಗೆ. ಹಳ್ಳಿಯವರದು ಗೂಡಿನ ತನಕ, ಪೇಟೆಯವರದು ಗೂಡಿನಿಂದಾಚೆ.

“ಸಾರ್, ಬನ್ನಿ ಇಲ್ಲಿ,” ಎಂದು ಕರೆದಳು. “ಅದು ನೂಲು ಕಟ್ಟಕ್ಕೆ ಈ ಕಡೆ ಒಂದು, ಆ ಕಡೆ ಒಂದು, ಮೇಲೊಂದು ಹುಡುಕ್ತೈತೆ. ಸಂದು ಇದ್ರೇನೇ ಗೂಡು. ನುಣ್ಣಗಿದ್ರೆ ಎಲ್ಲಿ ಕಟ್ತೈತೆ?”

ತರುಣ ಹಣೆ ಚಚ್ಚಿಕೊಂಡ. ಅವರ ಮನೆಯಲ್ಲಿ ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಡುತ್ತಾರೆ, ಬಿದಿರ ತಟ್ಟಿಯ ಮೇಲೆ ಸುರುಳಿ ಸುರುಳಿಯಾಗಿ ಸಂದು ಕಟ್ಟಿದ್ದು. ಸಂದು ಯಾವಾಗಲೂ ಸಿದ್ಧವಾಗಿಯೇ ಇರುತ್ತಿದ್ದುದರಿಂದ ಅದು ಏಕೆ ಬೇಕೆಂದು ಅವನು ಕೇಳಿಕೊಂಡಿರಲಿಲ್ಲ.

ಆಮೇಲೆ ಅವರಿಬ್ಬರು ನನ್ನನ್ನು ಕೇಳಲಿಲ್ಲ. ಮೊಳೆ, ಚಾಕು, ಮುರಿದ ಬಾಚಣಿಗೆ ಹಿಡಿದು ನನ್ನ ನುಣುಪನ್ನೆಲ್ಲ ಕೆರೆದು ಹಾಕಿದರು. ಹಣೆಗೆ ಆಳವಾದ ಸುಕ್ಕು, ಗಲ್ಲಕ್ಕೆ ಗುಳಿ, ನೆತ್ತಿಗೆ ಬೈತಲೆ ಬೈತಲೆಯಾಗಿ ಕೂದಲು. ಅವನು ತಲೆಯ ಹಿಂಭಾಗವನ್ನೂ ಬಿಡಲಿಲ್ಲ. ಹುಳ ಅಲ್ಲಿಗೂ ಹೋಗುತ್ತದಲ್ಲ. ಉಳಿದ ಹುಳಗಳನ್ನು ಮತ್ತೆ ಬಿಟ್ಟೆವು. ಅವಳು ಒಂದು ಹುಳದ ಎದುರು ಕೂತು, ಅದು ತಲೆ ಆಡಿಸಿದ ಹಾಗೆಲ್ಲ ಒಂದೊಂದು ಪುಟ್ಟ ಹಾಳೆಯಲ್ಲಿ ಬರೆದುಕೊಂಡಳು. ಹಾಳೆಗಳನ್ನು ಒಂದು ಬದಿ ಸೇರಿಸಿ ರೇಷ್ಮೆ ದಾರದಲ್ಲಿ ಹೊಲಿದಳು. ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಕಾಗದದ ಹುಳ ತಲೆದೂಗುತ್ತ ತನ್ನ ಸುತ್ತ ಗೂಡು ಕಟ್ಟಿಕೊಂಡು ಅದರೊಳಗೆ ಮರೆಯಾಗುತ್ತಿತ್ತು.

ಸಾಹೇಬರು ಬಂದ ಹೊತ್ತಿಗೆ ಮಣ್ಣಿನವನು ಮುದುಕನಾಗಿದ್ದ. ಸುಕ್ಕುಗಳಲ್ಲಿ ಹೊಂಬಣ್ಣದ ಗೂಡುಗಳು, ಕೆನ್ನೆಯ ಮೇಲೆ ಸಿಕ್ಕಿಕೊಂಡ ತೆಳು ನೂಲು. ಕಿಟಕಿಯ ಬೆಳಕು ಬಿದ್ದಾಗ ಉಸಿರಾಡುತ್ತಾನೇನೋ ಅನ್ನಿಸುತ್ತಿತ್ತು. ಅಷ್ಟು ಚೆನ್ನಾದದ್ದನ್ನು ಮಾಡಲು ನನ್ನೊಬ್ಬನಿಂದ ಆಗುತ್ತಿರಲಿಲ್ಲ. ಈ ಮಾತನ್ನು ನನ್ನ ಬಾಯಿಂದ ಕೇಳಿದವರು ಕಡಿಮೆ.

“ಏನ್ರೀ ಇದು?” ಎಂದರು ಸಾಹೇಬರು.

“ಘನಾಕೃತಿ ಸಾರ್.”

“ಮಾಡಿದ್ದು ಯಾರು? ವಿದ್ಯಾರ್ಥಿಗಳೋ, ಹುಳಗಳೋ?”

ನಾನು ಬಾಯಿ ತೆರೆಯುವಷ್ಟರಲ್ಲಿ ತರುಣ ಹೇಳಿದ: “ಸಂದು ನಾವು ಮಾಡಿದ್ವಿ ಸಾರ್. ನೂಲು ಅವು ಬಿಟ್ವು.”

“ಹಾಗಾದ್ರೆ ರೇಷ್ಮೆ ಇಲಾಖೆಯೋರಿಗೆ ತೋರಿಸ್ಬೇಕಪ್ಪಾ. ನಮಗ್ಯಾಕೆ?” ಎಂದರು. ಆಗ ಹುಡುಗಿ ತನ್ನ ಹೊಲಿದ ಹಾಳೆಗಳನ್ನು ಮುಂದೆ ಚಾಚಿದಳು. ಸಾಹೇಬರು ತೆಗೆದುಕೊಂಡು ಹೆಬ್ಬೆರಳಾಡಿಸಿದರು. ಮತ್ತೊಮ್ಮೆ ಆಡಿಸಿದರು. ಹಿಂದಿನಿಂದ ಮುಂದಕ್ಕೂ ಒಂದು ಸಲ ಬಿಟ್ಟು, ಹುಳ ಗೂಡು ಬಿಚ್ಚಿಕೊಂಡು ಹೊರಬಂದಾಗ ಮುಗುಳ್ನಕ್ಕು, ಹಾಳೆಗಳನ್ನು ಅವಳ ಕೈಗಿಟ್ಟು ಮೆಟ್ಟಿಲಿಳಿದರು.

ಮಾನ್ಯತೆ ಸಿಗಲಿಲ್ಲ. ಅಜ್ಜಿ ಬಂದು ಮುದುಕನ ಕಿವಿ ಮೂಗಿನಿಂದ ಗೂಡು ಕಿತ್ತು ಬುಟ್ಟಿ ತುಂಬಿಕೊಂಡು ಹೋದಳು. ತರುಣ ಮನೆಯವರೊಂದಿಗೆ ಬೇಸಾಯಕ್ಕಿಳಿದ. ನಾನು ಚಿಕ್ಕಬಳ್ಳಾಪುರಕ್ಕೆ ಹೋಗಿ ಅಂಗಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆದೆ. ಹುಡುಗಿಯ ತಂದೆ ಮೆಟ್ಟಿಲ ಕೆಳಗೇ ನಿಂತು, “ನಿಮ್ದು ತಪ್ಪಿಲ್ಲ ಬಿಡಿ ಮೇಷ್ಟ್ರೇ,” ಎಂದು ಮಗಳನ್ನು ಕರೆದುಕೊಂಡು ಹೋದರು. ಅದೇ ಬೇಸಿಗೆಯಲ್ಲಿ ಅವಳ ಮದುವೆಯಾಯಿತು.

ಇದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ ಒಂದು. ಹುಳದ್ದಲ್ಲ, ಹೆಡ್‌ಮೇಷ್ಟ್ರ ಹಣೆಯದ್ದೂ ಅಲ್ಲ. ಸಾಹೇಬರು ಆ ಹಾಳೆಗಳನ್ನು ಮುಟ್ಟಲೇ ಇಲ್ಲ. ಅವರು ಕೊಡೆ ಹುಡುಕುತ್ತಿದ್ದರು. ಅವರು ಮೆಟ್ಟಿಲಿಳಿದು ಹೋದ ಮೇಲೂ ಅವಳು ಕೈ ಚಾಚಿಕೊಂಡೇ ನಿಂತಿದ್ದಳು.